ಪಾಲಾಗದ ಎಂಟಂಕಿ

ಮಾತಾಡದೆ ಇರುವುದರಲ್ಲಿ ನನ್ನ ಮಾವ ನಿಸ್ಸೀಮರು. ಬೇರೆ ಜಾತಿಯ ಸೊಸೆ ಎಂದು ಮದುವೆಯಾದಾಗಿನಿಂದ ನನ್ನೊಡನೆ ಒಂದಕ್ಷರ ಇಲ್ಲ. ನಾನು ಎದುರಿಗೇ ನಿಂತಿದ್ದರೂ "ಅವ್ಳಿಗೆ ಹೇಳು, ಫ್ಯಾನ್ ಆಫ್ ಮಾಡ್ಲಿ" ಎಂದು ಅತ್ತೆಗೆ ಹೇಳುವರು. ಅತ್ತೆ ನನ್ನ ಕಡೆ ತಿರುಗಿ ಅದನ್ನೇ ಒಪ್ಪಿಸುವರು. ಗುಬ್ಬಿಯ ಆ ಮನೆಯಲ್ಲಿ ನನಗೆ ಎಲ್ಲ ಮಾತೂ ಎರಡೆರಡು ಸಲ ಕೇಳಿಸುತ್ತಿತ್ತು. ಮೊದಮೊದಲು ನಗು ಬರುತ್ತಿತ್ತು, ಆಮೇಲಾಮೇಲೆ ನೋಯತೊಡಗಿತು. ಅಪ್ಪ ಇಲ್ಲದವಳು ನಾನು. ಈ ಮನುಷ್ಯ ಒಂದು ಸಲ ನನ್ನನ್ನೇ ನೋಡಿ ಏನಾದರೂ ಅಂದರೆ ಸಾಕು, ಬೈದರೂ ಸರಿ, ಅನಿಸುತ್ತಿತ್ತು.

ತುಮಕೂರಿನ ಕಾಲೇಜೊಂದರಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಒಂದು ಭಾನುವಾರ ಪಾಠಕ್ಕೆ ತಯಾರಾಗುತ್ತ ಗಂಡನಿಗೆ ಒಂದು ಸಂಖ್ಯೆ ಚೀಟಿಯಲ್ಲಿ ಬರೆದು ವಿವರಿಸಿದೆ: 73939133. ಏಳು ಕೋಟಿ ಚಿಲ್ಲರೆ. ಒಂದನ್ನೂ ತನ್ನನ್ನೂ ಬಿಟ್ಟರೆ ಬೇರೆ ಯಾವುದರಿಂದಲೂ ಇದು ಸಮನಾಗಿ ಭಾಗವಾಗುವುದಿಲ್ಲ. ಅಂಥವು ಬೇಕಾದಷ್ಟಿವೆ, ಅದೇನು ದೊಡ್ಡದಲ್ಲ. ಆದರೆ ಇದರ ಬಲಗಡೆಯ ಅಂಕಿ ಅಳಿಸಿದರೆ ಉಳಿದದ್ದೂ ಭಾಗವಾಗುವುದಿಲ್ಲ. ಇನ್ನೊಂದು ಅಳಿಸಿದರೆ ಆಗಲೂ ಇಲ್ಲ. ಕೊನೆಗೆ ಬರಿಯ ಏಳು ಉಳಿಯುವ ತನಕ ಅದೇ ಹಟ. ಈ ಗುಣದ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ.

ಪೇಪರ್ ಓದುತ್ತಿದ್ದ ಮಾವನ ಕಿವಿ ನೆಟ್ಟಗಾಯಿತು. ಅವರದು ಕೊಬ್ಬರಿ ವ್ಯಾಪಾರ. ಎಂಥ ರಾಶಿ ಬಂದರೂ ಪಾಲುದಾರರಿಗೆ ಸಮನಾಗಿ ಹಂಚಿಯೇ ಅವರು ಮನೆಗೆ ಬರುವುದು.

"ಅವ್ಳಿಗೆ ಹೇಳು, ಪಾಲಾಗ್ದಿರೋ ರಾಶಿ ಅಂತ ಲೋಕದಲ್ಲೇ ಇಲ್ಲ."

ಅತ್ತೆ ಹೇಳಿದರು. ನಾನು ಸಂಖ್ಯೆಯ ಚೀಟಿಯನ್ನು ಅಲ್ಲೇ ಬಿಟ್ಟು ಎದ್ದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ಏನು ವಾದ?

ಮರುದಿನ ಸಂಜೆ ಮಾವ ಅಂಗಡಿಯಿಂದ ಚಪ್ಪಲಿ ಸಮೇತ ನಡುಮನೆಗೆ ನುಗ್ಗಿ, ಹಳೇ ಕ್ಯಾಲ್ಕುಲೇಟರನ್ನು ನನ್ನ ಮೂಗಿನ ಮುಂದೆ ಹಿಡಿದರು.

"ನೋಡಮ್ಮ, ಏಳರಿಂದ ಹೋಯ್ತು."

ಪರದೆಯ ಮೇಲೆ 10562733. ಮುಂದೆ ದಶಾಂಶವಿಲ್ಲ. ಅದು ಎಂಟೇ ಅಂಕಿ ತೋರಿಸುವ ಯಂತ್ರ, ಉತ್ತರಕ್ಕೇ ಎಂಟು ಮನೆಯೂ ತುಂಬಿಹೋಗಿತ್ತು. ಆದರೆ ನನ್ನ ಕಿವಿಯಲ್ಲಿ ಇದ್ದದ್ದು "ನೋಡಮ್ಮ" ಒಂದೇ. ತಪ್ಪು ಅಂದರೆ ಮತ್ತೆ ಮಾತು ನಿಂತೀತು, ಸರಿ ಅಂದರೆ ನಾನು ಕಲಿತದ್ದು ನೀರುಪಾಲು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಅದನ್ನೇ ಏಳರಿಂದ ಗುಣಿಸಿ ಮಾವ" ಎಂದೆ.

ಗುಣಿಸಿದರು. 73939131.

"ಎರಡು ಎಲ್ಲೋಯ್ತು?"

"ಅದು ಶೇಷ ಮಾವ. ಯಂತ್ರದಲ್ಲಿ ತೋರಿಸೋಕೆ ಜಾಗ ಇರಲಿಲ್ಲ."

ಮಾವ ಇನ್ನೊಂದು ಸಲ ಭಾಗಿಸಿ, ಗುಣಿಸಿ ನೋಡಿದರು. ಕೊನೆಗೆ ಅವರು ಕೆಳಗೆ ಕೂತು, ಪಕ್ಕದ ಚಾಪೆಯನ್ನು ಕೈಯಿಂದ ತಟ್ಟಿದರು.

"ಕೂತ್ಕೊ. ಒಂದೊಂದೇ ಅಳ್ಸಿ ತೋರ್ಸು. ಯಂತ್ರ ಬ್ಯಾಡ."

ಪೆನ್ನು ಹಿಡಿದು ಕೂತೆ. ಕಣ್ಣು ತುಂಬಿ ಮೊದಲನೇ ಸಾಲೇ ಸೊಟ್ಟಗಾಯಿತು. ಅಡುಗೆಮನೆಯಿಂದ ಅತ್ತೆ ಊಟಕ್ಕೆ ಕರೆದರು.

"ಇರೇ" ಎಂದರು ಮಾವ, ಹಾಳೆಯಿಂದ ಕಣ್ಣು ತೆಗೆಯದೆ. "ನನ್ನ ಸೊಸೆ ಲೆಕ್ಕ ಹೇಳ್ತಾವ್ಳೆ."