ಖಾಲಿ ಎಂದು ಅಚ್ಚಾದ ಟ್ಯಾಂಕು

ಅವರ ತೋರುಬೆರಳಿನ ತುದಿ ಸದಾ ಸೀಳಿರುತ್ತಿತ್ತು. ಪ್ರೋಗ್ರಾಮ್ ತುಂಬುವ ಪಂಚ್ ಕಾರ್ಡುಗಳ ಅಂಚು ಕೊಯ್ದ ಗಾಯ. ಮುಂಬಯಿಯ ಚೆಂಬೂರಿನ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಅವರು ನನಗೆ ಸೀನಿಯರ್; ಉಡುಪಿ ಕಡೆಯ ಹೆಂಗಸು.

ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಹಳೆಯ ಕಂಪೈಲರ್, ಅಮೋನಿಯಾ ಟ್ಯಾಂಕಿನ ಚಿಕ್ಕ ನಂಬರನ್ನೂ ಅದರ ಮಟ್ಟದ ದೊಡ್ಡ ಸಂಖ್ಯೆಯನ್ನೂ ಲೋಕಲ್‌ನ ಬೆಂಚಿನಲ್ಲಿ ಪ್ರಯಾಣಿಕರನ್ನು ಕೂರಿಸಿದಂತೆ ಒತ್ತಿ ಕೂರಿಸುತ್ತಿತ್ತು. ಹೊಸ ಯಂತ್ರದ್ದು ನಡುವೆ ಜಾಗ ಬಿಡುತ್ತಿತ್ತು. ಹಳೆಯ ಯಂತ್ರ ಬರೆದ ಟೇಪನ್ನು ಹೊಸದು ಓದಿದರೆ ಸಂಖ್ಯೆಯ ತಲೆಯೇ ಹಾರಿಹೋಗಿ, ದೊಡ್ಡದು ಚಿಕ್ಕದಾಗುತ್ತಿತ್ತು. ಇಂಥ ಎಡವಟ್ಟು ಹಿಡಿಯಲೆಂದೇ ಅವರು ಯಂತ್ರ ಬದಲಾದಾಗಲೆಲ್ಲ ಗೊತ್ತಿರುವ ಸಂಖ್ಯೆಗಳನ್ನು ತುಂಬಿ, ಓದಿಸಿ ನೋಡುತ್ತಿದ್ದರು. ‘ಮನೆ ಬದಲಿಸಿದ ಮೇಲೆ ಮಕ್ಕಳು ಎಲ್ಲ ಬಂದ್ರಾ ಅಂತ ನೋಡೂದಿಲ್ವಾ?’ ಎನ್ನುತ್ತಿದ್ದರು.

ಈ ಸಲವೂ ಆ ಪರೀಕ್ಷೆಗೆ ಅವರು ಒಂದು ದಿನದ ಸಮಯ ಕೇಳಿದರು. ಮರುದಿನವೇ ಹೊಸ ಯಂತ್ರದ ಉದ್ಘಾಟನೆ. ವಿಭಾಗದ ಮುಖ್ಯಸ್ಥರಾದ ಸಾಹೇಬರು ಕೊಡಲಿಲ್ಲ.

‘ಎರಡು ಯಂತ್ರದ್ದೂ ಫೋರ್ಟ್ರಾನ್ ಭಾಷೆನೇ ಅಲ್ವಾ ಮೇಡಂ? ಯಾವ ಪಾತ್ರೇಲಿ ಬೇಯಿಸಿದ್ರೂ ಇಡ್ಲಿ ಇಡ್ಲೀನೇ.’

‘ಇಡ್ಲಿ ಹಳಸಿದ್ರೆ ಹೊಟ್ಟೆ ಕೆಡ್ತದೆ ಸಾರ್. ಇದು ಅಮೋನಿಯಾ.’

ಸಾಹೇಬರು ನಕ್ಕರು.

ಉದ್ಘಾಟನೆಯ ಮಧ್ಯಾಹ್ನ ಹೊಸ ಯಂತ್ರ ಅಚ್ಚು ಮಾಡಿದ ಹಾಳೆ ಹಿಡಿದು ಟ್ಯಾಂಕುಗಳ ಬಳಿ ಹೋದವನು ನಾನೇ. ಟ್ಯಾಂಕಿನ ಮಟ್ಟ ತೋರುವ ಮಾಪಕ ರಿಪೇರಿಗೆ ಹೋಗಿತ್ತು. ಹಾಳೆಯನ್ನೇ ನಂಬಿ ಟ್ಯಾಂಕು ತುಂಬಲು ಪಂಪು ಹಾಕಿದರು. ಆಫೀಸಿನಲ್ಲಿ ಅದರ ಕಾರ್ಬನ್ ಪ್ರತಿ ನೋಡಿದ ಅವರು ಚಪ್ಪಲಿ ಬಿಟ್ಟು ಓಡಿಬಂದರು.

‘ಪಂಪು ಬಂದ್ ಮಾಡಿ ಮಾರಾಯ್ರೆ!’

‘ಬಾಯಾರ, ಕಾಗದದಾಗ ಖಾಲಿ ಅಂತ ಐತ್ರಿ,’ ಎಂದ ವಿಜಾಪುರದ ಆಪರೇಟರ್.

‘ಕಾಗದ ಸುಳ್ಳು. ಬೆಳಿಗ್ಗೆಯೇ ತುಂಬಿದ್ದು ಅದು.’

ಅವನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಪೈಪಿನ ಜೋಡಣೆ ಸೀಳಿ, ಸಿಳ್ಳು ಹಾಕುತ್ತ ಬಿಳಿಯ ಹೊಗೆ ನುಗ್ಗಿತು. ಅವರು ನನ್ನ ಕಾಲರ್ ಹಿಡಿದು ಗೇಟಿನತ್ತ ದೂಡಿದರು. ಪಂಪು ನಿಂತಿತು, ಆಪರೇಟರ್ ಹೊರಗೆ ಬರಲಿಲ್ಲ. ಸೆರಗು ಬಾಯಿಗೊತ್ತಿ ಅವರು ಮತ್ತೆ ಒಳಹೊಕ್ಕು ಅವನನ್ನು ಎಳೆದು ತಂದರು. ಆ ಸಿಳ್ಳು ಇವತ್ತಿಗೂ ನನ್ನ ಕಿವಿಯಲ್ಲಿದೆ. ಕುಕ್ಕರ್ ಕೂಗಿದರೂ ಎದ್ದು ನಿಲ್ಲುತ್ತೇನೆ.

ಅವನು ಉಳಿದ. ಅವರ ಶ್ವಾಸಕೋಶ ಉಳಿಯಲಿಲ್ಲ. ‘ಪ್ರೋಗ್ರಾಮ್ ಬರೆದವರ ಅಜಾಗರೂಕತೆ’ ಎಂದು ಅವರ ತಲೆಗೇ ಕಟ್ಟಿ ವರದಿ ಬಂತು. ಸಾಹೇಬರಿಗೆ ಬಡ್ತಿಯೂ ಬಂತು.

ಮಲಗಿದರೆ ಉಸಿರು ಕಟ್ಟುತ್ತಿದ್ದರಿಂದ ಕೆಲವು ವರ್ಷ ಮಲಾಡಿನ ಮನೆಯಲ್ಲಿ ಕೂತೇ ನಿದ್ದೆ ಮಾಡಿ, ಕೊನೆಗೆ ಅವರು ತೀರಿಕೊಂಡರು. ಸಂತಾಪ ಸಭೆಯಲ್ಲಿ ಸಾಹೇಬರು ಗದ್ಗದರಾಗಿ, ‘ಎಲ್ಲದಕ್ಕೂ ಹೊಂದಿಕೊಂಡು ಹೋಗುವ ಹೆಣ್ಣುಮಗಳು’ ಎಂದರು.

ನಾನು ಎದ್ದು ನಿಂತೆ. ‘ಇಲ್ಲ ಸಾರ್. ಅವರು ಹೊಂದಿಕೊಂಡಿದ್ದರೆ ಇವತ್ತು ನಾನಿಲ್ಲಿ ಇರುತ್ತಿರಲಿಲ್ಲ.’

ಯಾರೂ ತಿರುಗಿ ನೋಡಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಆಪರೇಟರ್ ಮಾತ್ರ ಎದ್ದು ಬಂದು ನನ್ನ ಪಕ್ಕ ನಿಂತ.