ಬಿಸಿಲಿಗೆ ತುಂಬುವ ಕೆರೆ

ನಮ್ಮ ಬನವಾಸಿ ಕಡೆಯವರಿಗೆ ನೆರೆಯೆಂದರೆ ಮಳೆ. ನಾಲ್ಕು ದಿನ ಬಿಡದೆ ಹೊಡೆದರೆ ವರದಾ ಹೊಳೆ ಗದ್ದೆಗೆ ನುಗ್ಗುತ್ತದೆ, ಬಿಸಿಲು ಬಿದ್ದರೆ ಇಳಿಯುತ್ತದೆ. ಇಷ್ಟು ಗೊತ್ತಿದ್ದರೆ ಸಾಕು ಎಂದುಕೊಂಡೇ ನಾವೆಲ್ಲ ದೊಡ್ಡವರಾದದ್ದು. ನನ್ನ ತಮ್ಮ, ಹಿಮಾಲಯದ ಯಾವುದೋ ಮಳೆ ಬಾರದ ಮೂಲೆಗೆ, ಸುರಂಗದ ಕೆಲಸದಲ್ಲಿ ಜೆಸಿಬಿ ಓಡಿಸಲು ಹೊರಟಾಗಲೂ ಈ ತಿಳಿವಳಿಕೆಯನ್ನೇ ಕಟ್ಟಿಕೊಂಡು ಹೋದ.

ನನ್ನ ಕೆಲಸ, ಶಿರಸಿಯ ಬಾಡಿಗೆ ಮನೆಯಲ್ಲಿ ಕೂತು ಉಪಗ್ರಹದ ಚಿತ್ರಗಳಲ್ಲಿ ಅಲ್ಲಿನ ಎತ್ತರದ ಕೆರೆಗಳ ಅಂಚಿಗೆ ಗೆರೆ ಎಳೆಯುವುದು. ಹಳೆಯ ಗೆರೆಗಿಂತ ಹೊಸದು ಆಚೆ ಬಿದ್ದರೆ ನೀರು ಏರಿದೆ ಎಂದು ಲೆಕ್ಕ. ಹಿಮ ಕರಗಿ ತುಂಬುವ ಕೆರೆಗಳು ಅವು. ಕಟ್ಟೆಯೆಂದರೆ ಸಡಿಲ ಕಲ್ಲುಮಣ್ಣಿನ ರಾಶಿ ಅಷ್ಟೇ. ಕಳೆದ ಮಳೆಗಾಲದಲ್ಲಿ ಅವುಗಳಲ್ಲೊಂದು ಚಿತ್ರದಿಂದ ಚಿತ್ರಕ್ಕೆ ಅಗಲವಾಗುತ್ತ ಹೋಯಿತು. ಅದರ ಕೆಳಗಿನ ಕಣಿವೆಯಲ್ಲಿ, ಹೊಳೆಯ ದಂಡೆಗೇ, ತಮ್ಮ ಮತ್ತವನ ಜೊತೆಗಾರರು ತಂಗಿದ್ದ ಶೆಡ್ಡು.

ಕಚೇರಿಯ ಮೇಲಿನವರಿಗೆ ಬರೆದೆ. ಇನ್ನೊಂದು ಚಿತ್ರ ಬರಲಿ, ಈಗಲೇ ಏನೂ ಹೇಳಲಾಗದು ಎಂದರು. ಅವರು ಹೇಳಿದ್ದು ತಪ್ಪಲ್ಲ, ಹಿಗ್ಗಿದ ಕೆರೆಯೆಲ್ಲ ಒಡೆಯುವುದಿಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು. ತಮ್ಮನಿಗೇ ಫೋನ್ ಮಾಡಿದೆ.

“ಇಲ್ಲಿ ಹನಿ ಮಳಿ ಇಲ್ಲಬೇ ಅಕ್ಕಾ. ಚಲೋ ಬಿಸಿಲೈತಿ. ನೀರು ಎಲ್ಲಿಂದ ಬರಬೇಕು?” ಎಂದು ನಕ್ಕ.

“ಬಿಸಿಲಿಗೇ ತುಂಬತೈತೋ ಅದು!”

“ಕಂಪ್ಯೂಟರ್ ನೋಡಿ ನೋಡಿ ನಿನಗ ತಲಿ ಕೆಟ್ಟೈತಿ.”

ಊರಲ್ಲಿ ಅವ್ವ, ಮಗನಿರುವಲ್ಲಿ ಚಲೋ ಬಿಸಿಲಂತೆ ಎಂದು ಓಣಿಗೆಲ್ಲ ಹೇಳಿಕೊಂಡು ಖುಷಿಯಲ್ಲಿದ್ದಳು. ತಡೆಯಲಾರದೆ ಒಂದು ದಿನ ಅವಳಿಗೆ ಎಲ್ಲ ಹೇಳಿದೆ. ಗೆರೆಯ ಮಾತು ಅವಳಿಗೆ ತಿಳಿಯಲಿಲ್ಲ, ನನ್ನ ಹೆದರಿಕೆ ತಿಳಿಯಿತು. ಮಗನಿಗೆ ತನ್ನಾಣೆ ಹಾಕಿ ಕರೆಸಿಕೊಂಡಳು. ರಜೆ ಕೊಡದ ಗುತ್ತಿಗೆದಾರ ಅವನ ಜಾಗಕ್ಕೆ ಬೇರೆಯವನನ್ನು ಹಾಕಿಕೊಂಡ.

ಕೆರೆ ಒಡೆಯಲಿಲ್ಲ. ತಮ್ಮ ಈಗ ನನ್ನ ಮನೆಯಲ್ಲಿದ್ದು ಶಿರಸಿಯಲ್ಲಿ ಕೆಲಸ ಹುಡುಕುತ್ತಿದ್ದಾನೆ. ಚಹಾದ ಲೋಟ ಹಿಡಿದು ನನ್ನ ಹಿಂದೆ ನಿಂತು, “ಒಡೀತೇನು ನಿನ್ನ ಕೆರಿ?” ಎಂದು ಕೇಳುತ್ತಾನೆ. ಮೊದಮೊದಲು ಅದು ತಮಾಷೆಯಾಗಿತ್ತು. ಈಗ, ಅನ್ನ ಕಿತ್ತುಕೊಂಡವಳನ್ನು ಕೇಳುವ ಧಾಟಿ. ಹಾಗೆ ಕೇಳುವ ಹಕ್ಕು ಅವನಿಗಿದೆ ಎಂದೂ ಅನಿಸುತ್ತದೆ, ಸಿಟ್ಟೂ ಬರುತ್ತದೆ.

ಮೊನ್ನೆ ಹೊಸ ಚಿತ್ರ ಬಂತು. ಗೆರೆ ಎಳೆದೆ. ನೀರು ಇಳಿದಿತ್ತು. ಸಮಾಧಾನವಾಗಬೇಕಿತ್ತು ನನಗೆ, ಆದದ್ದು ನಿರಾಶೆ. ಒಡೆದಿದ್ದರೆ ಇವನ ಬಾಯಿ ಮುಚ್ಚುತ್ತಿತ್ತು ಎಂದು ಮನಸ್ಸಿಗೆ ಬಂದೇಬಿಟ್ಟಿತು. ಅದೇ ಹೊತ್ತಿಗೆ ಅವನು, ಆ ಶೆಡ್ಡಿನಲ್ಲೇ ಇನ್ನೂ ಇರುವ ಗೆಳೆಯರಿಗೆ ವಿಡಿಯೋ ಕಾಲ್ ಹಚ್ಚಿದ್ದ. ಹಾವೇರಿ ಕಡೆಯ ಆರೇಳು ಮಂದಿ, ಒಬ್ಬರ ಹೆಗಲ ಮೇಲೊಬ್ಬರು ಬಾಗಿ ನಗುತ್ತಿದ್ದರು. “ನಮ್ಮಕ್ಕನ್ನ ಮಾತಾಡಸ್ರಿ” ಎಂದು ಫೋನು ನನ್ನ ಕಡೆ ತಿರುಗಿಸಿದ.

ಅವರಲ್ಲೊಬ್ಬ ಹಿರಿಯ ಕೈ ಮುಗಿದ. “ನಮಸ್ಕಾರ್ರೀ ಅಕ್ಕಾರ. ನೀವು ದಿನಾ ನಮ್ಮ ಸಲುವಾಗಿ ನೋಡತೀರಂತ, ಭಾಳ ಉಪಕಾರ ಆತ್ರಿ.”

ನೀರು ಇಳಿದಿದೆ ಎಂದಷ್ಟೇ ಹೇಳಿ ಫೋನು ತಮ್ಮನ ಕೈಗೆ ಕೊಟ್ಟೆ. ಅವರ ಮುಖ ನೋಡಲಾಗಲಿಲ್ಲ.