ಅಪ್ಪನ ಗಾಡಿಗೆ ನಾನು ಗೇರು ಹಾಕುತ್ತಿದ್ದೆ

ಆಗ ಬ್ಯಾಡಗಿಯಲ್ಲಿ ಕಾರಿದ್ದ ಮನೆಗಳನ್ನು ಎರಡು ಕೈ ಬೆರಳಲ್ಲಿ ಎಣಿಸಿ ಮುಗಿಸಬಹುದಿತ್ತು. ತೊಂಬತ್ತರ ಆಸುಪಾಸಿನ ಮಾತು. ಹಳೇ ಕಾರು ಅಂದ ಕೂಡಲೇ ಈಗಿನ ಮಂದಿ ಕಣ್ಣು ಒದ್ದೆ ಮಾಡಿಕೊಂಡು, ಆಹಾ ಆ ಹಾರ್ನು, ಆಹಾ ಆ ಸೀಟು ಎಂದು ಶುರು ಮಾಡುತ್ತಾರಲ್ಲ, ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಮನೆಯಲ್ಲೂ ಒಂದು ಹಳೇ ಸಣ್ಣ ಕಾರಿತ್ತು. ಪಾಚಿ ಬಣ್ಣದ್ದು. ಕಂಪನಿಯ ಹೆಸರು ಕಟ್ಟಿಕೊಂಡು ಏನಾಗಬೇಕು, ಆಗ ಇದ್ದದ್ದೇ ಎರಡು ಮೂರು ಥರ. ಬಾಗಿಲು ತೆಗೆದರೆ ಸಾಕು, ಮೆಣಸಿನಕಾಯಿ ಘಾಟು ಮೂಗಿಗೆ ಹೊಡೆಯುತ್ತಿತ್ತು. ಹೊಸಬರು ಹತ್ತಿದರೆ ಮೋಟೆಬೆನ್ನೂರು ದಾಟುವವರೆಗೂ ಸೀನುತ್ತಿದ್ದರು. ನನಗೆ ಹನ್ನೊಂದು ತುಂಬಿದ ವರ್ಷ ಆ ಗಾಡಿ ಸುಟ್ಟು ಬೂದಿಯಾಗಲಿ ಎಂದು ದಿನಾ ಬೆಳಿಗ್ಗೆ ದೇವರ ಮುಂದೆ ನಿಂತು ಬೇಡಿಕೊಳ್ಳುತ್ತಿದ್ದೆ.

ಅಪ್ಪನ ಎಡಗಾಲು ಸಣ್ಣವನಿದ್ದಾಗಲೇ ಪೋಲಿಯೋದಲ್ಲಿ ಹೋಗಿತ್ತು. ಇತ್ತು ಅಷ್ಟೆ, ಕೆಲಸಕ್ಕೆ ಬರುತ್ತಿರಲಿಲ್ಲ. ಪ್ಯಾಟಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಸುಗ್ಗಿ ಬಂತೆಂದರೆ ಅಪ್ಪ ಅಗಡಿ, ಮೇಡ್ಲೇರಿ, ಗಳಗನಾಥ ಎಂದು ಊರೂರು ತಿರುಗಿ, ರೈತರು ಕಣದಲ್ಲಿ ಹರವಿದ ಕಾಯಿ ನೋಡಿ ಬರಬೇಕು. ಬಸ್ಸು ಹತ್ತಬೇಕಾದರೆ ಕಂಡಕ್ಟರ್ ರಟ್ಟೆ ಹಿಡಿದು ಜಗ್ಗಬೇಕಿತ್ತು. "ಲಗೂನ ಹತ್ತೋ ಕುಂಟಪ್ಪಾ, ಬಸ್ಸೇನು ನಿಮ್ಮಪ್ಪಂದಲ್ಲ" ಎಂದು ಒಬ್ಬ ಅಂದಿದ್ದನಂತೆ. ಆ ಮಾತು ಕೇಳಿಸಿಕೊಂಡು ಬಂದ ವರ್ಷವೇ ಅಪ್ಪ ಯಾರೋ ಬಳಸಿ ಬಿಟ್ಟ ಈ ಕಾರನ್ನು ಮನೆಗೆ ತಂದ ಎಂದು ಅವ್ವ ಹೇಳುತ್ತಿದ್ದಳು.

ಕ್ಲಚ್ಚು ತುಳಿಯಲು ಎಡಗಾಲು ಬೇಕಲ್ಲ? ಅದಕ್ಕೆ ರಾಣೆಬೆನ್ನೂರಿನ ಖಾದರಸಾಬ್ ಮಿಸ್ತ್ರಿ ದಾರಿ ಹುಡುಕಿದ. ಕ್ಲಚ್ಚಿಗೆ ಒಂದು ಕಬ್ಬಿಣದ ಸರಳು ಬೆಸೆದು ಸೀಟಿನ ಪಕ್ಕ ಎತ್ತಿ ನಿಲ್ಲಿಸಿದ. ಎಡಗೈಯಲ್ಲಿ ಸರಳು ಮುಂದಕ್ಕೆ ನೂಕಿದರೆ ಕ್ಲಚ್ಚು ಕೆಳಗೆ. ಆದರೆ ಗೇರು ಬದಲಿಸುವುದೂ ಎಡಗೈಯದೇ ಕೆಲಸ. ಅದಕ್ಕೆ ಇನ್ನೊಬ್ಬರ ಕೈ ಬೇಕಾಯಿತು. ಆ ಕಾರಿನಲ್ಲಿ ಗೇರಿನ ಹಿಡಿ ಸ್ಟೇರಿಂಗಿನ ಮಗ್ಗುಲಿಗೇ ಇತ್ತು, ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ ಒಂದೇ. ಪಕ್ಕದಲ್ಲಿ ಕೂತವರು ಕೈ ಚಾಚಿದರೆ ಗೇರು ಸಿಗುತ್ತಿತ್ತು. ಅಪ್ಪ ಸರಳು ನೂಕಿ "ಎರಡು" ಅಂದರೆ ಪಕ್ಕದವರು ಎರಡನೇ ಗೇರು ಹಾಕಬೇಕು. ಹಾಗೆ ಇಬ್ಬರು ಸೇರಿ ಒಂದು ಕಾರು ಓಡಿಸುವುದು.

ಮೊದಲು ಆ ಕೆಲಸ ಅಪ್ಪನ ತಮ್ಮ ಮಾಲತೇಶ ಕಾಕಾನದು. ಮದುವೆಯಾದ ಮೇಲೆ ಅವನಿಗೆ ನಾಚಿಕೆ ಬಂತು. "ನಾ ಏನ ನಿನ್ನ ಗೇರ್ ಹಾಕೋ ಆಳೇನು?" ಎಂದು ನಡುದಾರಿಯಲ್ಲಿ ಇಳಿದು ಹೋದ. ಅವ್ವ ನಾಲ್ಕು ದಿನ ಅಪ್ಪನ ಪಕ್ಕ ಗೇರು ಹಾಕಲು ಕೂತಳು. ಗಂಡನ ತೊಡೆಗೆ ಅಂಟಿಕೊಂಡು ಮೆರವಣಿಗೆ ಹೊರಟಾಳ ಎಂದು ಪ್ಯಾಟಿಯ ಗಂಡಸರು ನಕ್ಕರು, ಅವಳೂ ಬಿಟ್ಟಳು. ಉಳಿದವಳು ನಾನು.

ಖರೇ ಹೇಳುತ್ತೇನೆ, ಮೊದಲ ವರ್ಷ ನನಗೆ ಅದು ಹಬ್ಬವೇ ಆಗಿತ್ತು. ಕೆಲವು ತಿಂಗಳಲ್ಲಿ ಅಪ್ಪ ಬಾಯಿ ಬಿಡುವ ಮುಂಚೆಯೇ ಎಂಜಿನ್ನಿನ ಸದ್ದು ಕೇಳಿ ನನ್ನ ಕೈ ಗೇರಿಗೆ ಹೋಗುತ್ತಿತ್ತು. ದಾರಿಯಲ್ಲಿ ಬಿಸಿ ಮಿರ್ಚಿ, ಮಂಡಕ್ಕಿ ಕೊಡಿಸುತ್ತಿದ್ದ. "ನನ್ನ ಎಡಗೈ ನೋಡ್ರಿ ಇದು" ಎಂದು ರೈತರಿಗೆ ನನ್ನನ್ನು ತೋರಿಸುತ್ತಿದ್ದ. ಅವರ ಮನೆಯ ಹೆಂಗಸರು ನನ್ನ ಉಡಿಗೆ ಶೇಂಗಾ ಸುರಿಯುತ್ತಿದ್ದರು.

ಎರಡನೇ ವರ್ಷ ನನ್ನನ್ನು ಶಾಲೆಯ ಖೋ ಖೋ ತಂಡಕ್ಕೆ ಆರಿಸಿದರು. ಹಾವೇರಿಗೆ ಹೋಗಿ ಆಡುವುದಿತ್ತು. ಅಭ್ಯಾಸ ದಿನಾ ಬೆಳಿಗ್ಗೆ, ಸರಿಯಾಗಿ ಅಪ್ಪ ಗಾಡಿ ತೆಗೆಯುವ ಹೊತ್ತಿಗೆ. "ದಿನಾ ಬರಾಕ ಆಗದಿದ್ರ ಹೆಸರು ತಗೀತೀನಿ" ಎಂದು ಆಟ ಕಲಿಸುವ ಅಕ್ಕೋರು ಎಲ್ಲರ ಮುಂದೆ ಹೇಳಿದರು. ಸಂಜೆ ಅಪ್ಪನಿಗೆ ಹೇಳಿದೆ.

"ನಾ ನಾಳೆ ಬರಂಗಿಲ್ಲಪ್ಪಾ. ಖೋ ಖೋ ಐತಿ."

"ನಾಳೆ ಗಳಗನಾಥಕ್ಕ ಹೋಗೋದೈತಲ್ಲ?"

"ಹಂಗಾರ ಯಾವಾಗ ಆಡ್ಲಿ ನಾ?"

"ಸುಗ್ಗಿ ಮುಗೀಲಿ ತಡಿಯವಾ."

ಸುಗ್ಗಿ ಮುಗಿಯುವ ಹೊತ್ತಿಗೆ ಶಾಲೆಯೂ ಮುಗಿಯುತ್ತದೆ ಎಂಬುದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಕೆಟ್ಟವನಲ್ಲ ನಮ್ಮಪ್ಪ. ಆದರೆ ತನ್ನ ಕಾಲಿನ ಲೆಕ್ಕದಲ್ಲಿ ನನ್ನ ಕಾಲು ಅವನಿಗೆ ಕಾಣಲಿಲ್ಲ. ಈಗ ಇದನ್ನು ತಣ್ಣಗೆ ಬರೆಯುತ್ತಿದ್ದೇನೆ, ಆಗ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಿದ್ದೆ.

ಅದೇ ದಿನಗಳಲ್ಲಿ ಪ್ಯಾಟಿಯ ವ್ಯಾಪಾರಸ್ಥರು ಒಬ್ಬರಾದ ಮೇಲೆ ಒಬ್ಬರು ಹೊಸ ಬಿಳಿ ಕಾರು ತರಲು ಶುರು ಮಾಡಿದರು. ಪುಟ್ಟದು, ಸದ್ದಿಲ್ಲದ್ದು. ಗೇರು ಎರಡು ಸೀಟುಗಳ ನಡುವೆ, ನೆಲದ ಮೇಲೆ. ಕಾಕಾನಿಗೆ ಅದರ ಹುಚ್ಚು ಹಿಡಿಯಿತು. ಅಪ್ಪನೋ ಹಳೇ ಗಾಡಿಗೇ ಹೊಸ ರೆಕ್ಸಿನ್ ಸೀಟು ಹೊಲಿಸಿದ, ದೊಡ್ಡ ರೇಡಿಯೇಟರ್ ಕೂರಿಸಿದ, ಕಣ್ಣು ಕುಕ್ಕುವ ಎರಡು ದೀಪ ಹಾಕಿಸಿದ.

"ಹೆಣಕ್ಕ ಎಷ್ಟಂತ ಸಿಂಗಾರ ಮಾಡ್ತೀ ಅಣ್ಣಾ?" ಅಂದ ಕಾಕಾ. "ಇದನ್ನ ಕೊಟ್ಟು ಹೊಸಾದು ತರೋಣು."

"ಹೊಸಾದನ್ನ ಓಡ್ಸೋರು ಯಾರು?"

"ನಾ ಅದೀನಲ್ಲ."

"ಅದಕ್ಕ ಬ್ಯಾಡ."

ಹೊಸ ಗಾಡಿಗೆ ಸರಳು ಬೆಸೆಯಲು ಕಾಕಾ ಎಂದೂ ಬಿಡುವವನಲ್ಲ. ಆ ಕಾರು ಬಂದರೆ ಅಪ್ಪ ಆಮೇಲೆ ಎಲ್ಲಿಗೆ ಹೋಗಬೇಕಾದರೂ ಕಾಕಾನನ್ನು ಕೇಳಿ ಹೋಗಬೇಕು. ಇಷ್ಟು ನನಗೆ ಗೊತ್ತಿತ್ತು. ಸಣ್ಣವಳು, ತಿಳಿಯಲಿಲ್ಲ ಎಂದು ಹೇಳಿ ನಾನು ಪಾರಾಗುವ ಹಾಗಿಲ್ಲ.

ಕಾಕಾ ನನಗೆ ಗಿರ್ಮಿಟ್ ಕೊಡಿಸಿದ. ಪೊಟ್ಟಣ ಕೈಗಿಟ್ಟು, "ಆ ಡಬ್ಬಿ ಮನಿ ಬಿಟ್ಟ ಹೋತಂದ್ರ ನೀ ಬೇಕಾದಷ್ಟು ಆಡ್ಕೋ ಸುನಂದಿ" ಅಂದ.

"ಅಪ್ಪ ಮಾರಂಗಿಲ್ಲ ಕಾಕಾ."

"ಮಂದಿ ಮುಂದ ಒಮ್ಮೆ ಮಾನ ಹೋಗ್ಲಿ, ತಾನ ಮಾರ್ತಾನ. ಗೇರು ನಿನ್ನ ಕೈಯಾಗ ಐತಿ, ಹೌದಿಲ್ಲೋ?"

ಅಷ್ಟೇ ಅವನು ಹೇಳಿದ್ದು. ನಾಚಿಕೆಗೇಡಿ, ಹತ್ತು ದಾಟಿದ ಹುಡುಗಿಯ ಕೈಯಲ್ಲಿ ಮಾಡಿಸುವ ಕೆಲಸವೇ ಅದು? ಗಿರ್ಮಿಟ್ ಖಾರವಾಗಿತ್ತು, ಪೂರ್ತಿ ತಿಂದೆ.

ಮರು ಸಂತೆಯ ದಿನ ಪ್ಯಾಟಿ ಕೆಂಪಾಗಿತ್ತು. ಚೀಲಗಳ ಗುಡ್ಡ, ಎತ್ತಿನ ಗಾಡಿ, ಟೆಂಪೋ, ಕೂಗಾಟ. ಪ್ಯಾಟಿ ಗೇಟಿನ ಹತ್ತಿರ ಒಂದು ಏರು ಇದೆ. ನಮ್ಮ ಮುಂದಿದ್ದ ಎತ್ತಿನ ಗಾಡಿ ನಿಂತಿತು, ಅಪ್ಪನೂ ನಿಲ್ಲಿಸಿದ. ಅದು ಸರಿದ ಮೇಲೆ ಸರಳು ನೂಕಿ "ಒಂದು" ಅಂದ. ನಾನು ಮೂರು ಹಾಕಿದೆ.

ಕಾರು ಒಮ್ಮೆ ನಡುಗಿ ಎಂಜಿನ್ ಬಂದಾಯಿತು. ಹಿಂದಕ್ಕೆ ಉರುಳಿತು. ಅಪ್ಪ ಬ್ರೇಕು ತುಳಿಯುವಷ್ಟರಲ್ಲಿ ಚೀಲದ ಸಾಲಿಗೆ ಗುದ್ದಿತ್ತು. ನಾಲ್ಕು ಚೀಲ ಒಡೆದು ಕಾಯಿ ರಸ್ತೆ ತುಂಬ ಚೆಲ್ಲಿದವು, ಟೆಂಪೋದ ಗಾಲಿಗೆ ಸಿಕ್ಕು ಪುಡಿಯಾದವು. ಇಡೀ ಗೇಟು ಕೆಮ್ಮತೊಡಗಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. "ಕುಂಟನ ಕೈಯಾಗ ಗಾಡಿ ಕೊಟ್ಟೋರು ಯಾರಲೇ!" ಎಂದು ಯಾರೋ ಕೂಗಿದರು, ಮಂದಿ ಕೆಮ್ಮುತ್ತಲೇ ನಕ್ಕರು. ಕಾಕಾ ಎಲ್ಲಿದ್ದನೋ, ಓಡಿ ಬಂದ. ಬಾಗಿಲು ತೆಗೆದು ಅಪ್ಪನ ಎರಡೂ ಕಂಕುಳಿಗೆ ಕೈ ಹಾಕಿ, ಎಲ್ಲರಿಗೂ ಕೇಳುವ ಹಾಗೆ "ಸಾಕು ಮಾಡಣ್ಣಾ, ಇನ್ನರ ಸಾಕು ಮಾಡು" ಎನ್ನುತ್ತ ಎತ್ತಿ ಕೆಳಗಿಳಿಸಿದ. ಎತ್ತುವಾಗ ಅಪ್ಪ ಗೇರಿನ ಹಿಡಿ ಎಲ್ಲಿ ನಿಂತಿದೆ ಎಂದು ನೋಡಿದ. ಆಮೇಲೆ ನನ್ನನ್ನು ನೋಡಿದ.

ಸಂಜೆ ಮನೆಯಲ್ಲಿ ಕಾಕಾ ಕುಣಿದಾಡಿಬಿಟ್ಟ. "ಕುಂಟ ಕಾಲು, ಹುಡಿಗಿ ಕೈ, ಮುರಕ ಡಬ್ಬಿ! ಇವತ್ತ ಚೀಲ ಒಡದಾವು, ನಾಳೆ ಯಾರದರ ತಲಿ ಒಡೀತೈತಿ. ನಾಳೇನ ಮಾರೋದು!"

"ನಾಲಿಗಿ ಬಿಗಿ ಹಿಡದು ಮಾತಾಡು ಮಾಲತೇಶಾ" ಎಂದು ಅವ್ವ ಒಳಗಿಂದ ಎದ್ದು ಬಂದಳು. "ಆ ಕುಂಟ ಕಾಲಿನ ದುಡಿಮ್ಯಾಗ ನಿನ್ನ ಲಗ್ನ ಆಗೇತಿ."

ಕಾಕಾ ನನ್ನ ಕಡೆ ತಿರುಗಿದ. "ಕೇಳ್ರಿ ಇಕಿನ್ನ. ಏನಾತಂತ ಇಕಿನ ಹೇಳ್ಲಿ."

ನಾನು ಅವ್ವನ ಹಿಂದೆ ಸರಿದೆ. ಅಷ್ಟರಲ್ಲಿ ಅಪ್ಪ ಹೇಳಿದ: "ತಪ್ಪು ನಂದು. ನಾ ಮೂರು ಅಂದೆ, ಆಕಿ ಮೂರು ಹಾಕಿದ್ಲು. ಗಾಡಿ ಮಾತ್ರ ಮಾರಂಗಿಲ್ಲ."

ಮರುದಿನ ಅಪ್ಪ ಗೇರಿಗೆ ನನ್ನನ್ನು ಕರೆಯಲಿಲ್ಲ, ಟ್ರ್ಯಾಕ್ಟರಿಗೆ ಕಟ್ಟಿ ಗಾಡಿಯನ್ನು ಮಿಸ್ತ್ರಿಯ ಹತ್ತಿರ ಎಳೆಸಿದ. ಹದಿನೈದು ದಿನ ಅದು ಅಲ್ಲೇ ಇತ್ತು. ನಾನು ದಿನಾ ಖೋ ಖೋ ಆಡಿದೆ, ತಂಡದಲ್ಲಿ ಹೆಸರು ಉಳಿಯಿತು. ಅಪ್ಪ ಮತ್ತೆ ಬಸ್ಸು ಹತ್ತತೊಡಗಿದ. ಶಾಲೆಯ ಬಯಲಿನಿಂದ ಬಸ್ಸು ನಿಲ್ಲುವ ಜಾಗ ಕಾಣುತ್ತಿತ್ತು. ಕಂಡಕ್ಟರ್ ಅವನ ರಟ್ಟೆ ಹಿಡಿದು ಜಗ್ಗುವುದು, ಅವನ ಚಪ್ಪಲಿ ಜಾರಿ ಕೆಳಗೆ ಬೀಳುವುದು, ಇನ್ಯಾರೋ ಅದನ್ನು ಒಳಗೆಸೆಯುವುದು, ಎಲ್ಲ ನೋಡಿದೆ. ನೋಡಬಾರದೆಂದು ಬೆನ್ನು ತಿರುಗಿಸಿ ಕೂತರೂ ಕಂಡಕ್ಟರನ ಸೀಟಿ ಕೇಳುತ್ತಿತ್ತು.

ನಡುವೆ ಎರಡು ದಿನ ಕಾಕಾ ತನ್ನ ಬೀಗರ ಹೊಸ ಬಿಳಿ ಕಾರು ಕೇಳಿ ತಂದ. ಅಪ್ಪನನ್ನು ಹಿಂದೆ ಕೂರಿಸಿಕೊಂಡು ಅಗಡಿಗೆ ಹೋದ. ರಜೆ ಇತ್ತು, ನಾನೂ ಹೋಗಿದ್ದೆ. ಕಣದಲ್ಲಿ ಇಳಿದು ಕಾಕಾ ರೈತರಿಗೆ "ನಮ್ಮಣ್ಣನ್ನ ತಂದೇನ್ರಿ, ಕಾಯಿ ತೋರಸ್ರಿ" ಅಂದ. ತಂದೇನಿ, ಅಂತ. ಚೀಲ ತಂದ ಹಾಗೆ. ಅಪ್ಪ ಕಾಯಿ ಮುರಿದು ಮೂಸಿ ನೋಡುತ್ತಿದ್ದ, ತಲೆ ಎತ್ತಲಿಲ್ಲ. ಆ ಕಾಕಾನ ಮುಖಕ್ಕೆ ಒಂದು ಹಿಡಿ ಮೆಣಸಿನ ಪುಡಿ ಎರಚಬೇಕು ಅನಿಸಿತು. ಈಗಲೂ ಅನಿಸುತ್ತದೆ.

ಗಾಡಿ ತಯಾರಾಗಿದೆ ಎಂದು ಹೇಳಿಕಳಿಸಿದಾಗ ಅಪ್ಪ ನನ್ನನ್ನೂ ರಾಣೆಬೆನ್ನೂರಿಗೆ ಕರೆದುಕೊಂಡು ಹೋದ. ಗೇರು ಹಾಕಲು ಕರೆದಿದ್ದಾನೆ, ಇನ್ನು ಮೇಲೆ ಸರಿಯಾಗಿ ಹಾಕುತ್ತೇನೆ, ಖೋ ಖೋ ಹಾಳಾಗಿ ಹೋಗಲಿ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಖಾದರಸಾಬ್ ಮಿಸ್ತ್ರಿ ಎಣ್ಣೆಗೈ ಒರೆಸಿಕೊಂಡು ಬಾಗಿಲು ತೆಗೆದ. ಸೀಟಿನ ಪಕ್ಕದ ಸರಳು ಇರಲಿಲ್ಲ. ಗೇರಿನ ಹಿಡಿಗೇ ಸ್ಕೂಟರಿನ ಕ್ಲಚ್ಚಿನಂಥ ಒಂದು ಹಿಡಿಕೆ ಕೂರಿಸಿ, ದಪ್ಪ ತಂತಿ ಎಳೆದಿದ್ದ. ಒಂದೇ ಕೈಯಲ್ಲಿ ಹಿಡಿಕೆ ಒತ್ತಿದರೆ ಕ್ಲಚ್ಚು, ಅದೇ ಕೈಯಲ್ಲಿ ಗೇರು.

"ಐದ ಸಲಾ ತಂತಿ ಹರೀತ್ರಿ ಅಣ್ಣಾರ" ಅಂದ ಮಿಸ್ತ್ರಿ. "ಆರನೇದ್ದು ಗಟ್ಟಿ ಐತಿ. ಎಂಜಿನ್ ಅಂತೂ ಇನ್ನ ಹತ್ತ ವರ್ಸಕ್ಕ ಮಾತಿಲ್ಲ. ಬೇಟಿ, ಇನ್ನ ಮ್ಯಾಲೆ ನಿನಗ ರಜಾ!"

ಅಪ್ಪ ಒಬ್ಬನೇ ಗಾಡಿ ಎತ್ತಿದ. ಮೊದಮೊದಲು ಜಗ್ಗಾಡಿತು, ಊರು ದಾಟುವಷ್ಟರಲ್ಲಿ ಅವನ ಕೈ ಪಳಗಿತು. ಬ್ಯಾಡಗಿ ಬಂತು. ಪ್ಯಾಟಿ ಗೇಟಿನ ಏರಿನಲ್ಲಿ ಎಂಜಿನ್ನಿನ ಸದ್ದು ಇಳಿದ ಕೂಡಲೇ ನನಗೆ ಅರಿವಿಲ್ಲದೆ ಕೈ ಗೇರಿಗೆ ಹೋಯಿತು.

"ಕೈ ತಗಿ" ಅಂದ ಅಪ್ಪ.

ತೆಗೆದೆ. ಅವನೇ ಒಂದನೇ ಗೇರು ಹಾಕಿ ಏರು ಹತ್ತಿಸಿದ. ಗೇಟಿನ ಮಂದಿ ಬಾಯಿ ಬಿಟ್ಟುಕೊಂಡು ನೋಡಿದರು. ಅಂಗಡಿ ಮುಂದೆ ನಿಲ್ಲಿಸಿ, ಎದುರಿಗೆ ನೋಡುತ್ತಲೇ ಹೇಳಿದ: "ಅವತ್ತ ನಾ ಒಂದು ಅಂದಿದ್ದೆ. ನಿನ್ನ ಕೈ ತಪ್ಪಿದ್ರ ನಾ ನಕ್ಕ ಬಿಡತಿದ್ದೆ ಸುನಂದಾ. ನಿನ್ನ ಕೈ ತಪ್ಪಂಗಿಲ್ಲ, ನನಗ ಗೊತ್ತೈತಿ. ನಾಳಿಂದ ಹಿಂದ ಕುಂದ್ರು."

ಮರುದಿನದಿಂದ ಮುಂದಿನ ಸೀಟಿನಲ್ಲಿ ಕಾಯಿಯ ಕೈಚೀಲ ಕೂತಿತು. ನಾನು ಹಾವೇರಿಗೆ ಹೋಗಿ ಆಡಿದೆ, ಮೊದಲ ಸುತ್ತಿನಲ್ಲೇ ಸೋತು ಬಂದೆವು. ಕಾಕಾ ಬೇರೆಯಾಗಿ ಹೋಗಿ ಬಿಳಿ ಕಾರು ತಂದ, ಅದನ್ನು ಕೊಟ್ಟು ಇನ್ನೊಂದು, ಅದನ್ನೂ ಕೊಟ್ಟು ಮತ್ತೊಂದು. ಅಪ್ಪ ಅದೇ ಗಾಡಿಗೆ ಒಂದೊಂದೇ ಹೊಸದು ಕೂರಿಸುತ್ತ ನಾನು ತಾಯಿಯಾಗುವವರೆಗೂ ಓಡಿಸಿದ. ನನ್ನನ್ನು ಬಾಣಂತನಕ್ಕೆ ಕರೆತಂದದ್ದೂ ಅದರಲ್ಲೇ, ಹಿಂದಿನ ಸೀಟಿನಲ್ಲಿ. ಓದಿಸಿದ, ಲಗ್ನ ಮಾಡಿದ, ಯಾವುದಕ್ಕೂ ಕಡಿಮೆ ಮಾಡಲಿಲ್ಲ, ಒಂದು ದಿನ ಬೈಯಲಿಲ್ಲ. ಆದರೆ ಇದನ್ನು ಹಿಡಿ, ಅದನ್ನು ಎತ್ತಿ ಕೊಡು ಎಂದು ನನಗೆ ಮತ್ತೆಂದೂ ಒಂದು ಕೆಲಸ ಹೇಳಲಿಲ್ಲ. ಕಪಾಳಕ್ಕೆ ಎರಡು ಬಿಟ್ಟಿದ್ದರೂ ಚೆನ್ನಾಗಿತ್ತು.

ಈಗ ನನ್ನ ಕಾರು ಗೇರನ್ನು ತಾನೇ ಬದಲಿಸಿಕೊಳ್ಳುತ್ತದೆ. ಪಕ್ಕದಲ್ಲಿ ಕೂತವರಿಗೆ ಕೆಲಸವಿಲ್ಲ, ಮೊಬೈಲು ನೋಡುತ್ತಿರುತ್ತಾರೆ. ಕಾಕಾ ಈಗಲೂ ಮದುವೆ ಮನೆಗಳಲ್ಲಿ "ನಮ್ಮಣ್ಣ ಮೂರು ಅಂದು ಇಡೀ ಪ್ಯಾಟಿನ ಕೆಮ್ಮಿಸಿದ್ದ" ಎಂದು ನಗಿಸುತ್ತಾನೆ. ಅವನ ಮುಖ ಕಂಡರೆ ನನಗೆ ಆಗುವುದಿಲ್ಲ. ಆದರೂ ಎದ್ದು ನಿಂತು, ಅಪ್ಪ ಅಂದದ್ದು ಒಂದು ಎಂದು ಹೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಕೊನೆಯ ವರ್ಷ ಅಪ್ಪ ಹಾಸಿಗೆ ಹಿಡಿದ. ಕೈಗಳಲ್ಲೂ ಶಕ್ತಿ ಇರಲಿಲ್ಲ. ಒಂದು ಮಧ್ಯಾಹ್ನ ಅವ್ವ ಹಿತ್ತಲಿಗೆ ಹೋಗಿದ್ದಳು, ಅವನು ನೀರು ಕೇಳಿದ. ನಾನು ಲೋಟ ತುಂಬಿ ಬಾಯಿಯ ಹತ್ತಿರ ಹಿಡಿದೆ. ಅಪ್ಪ ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದ.

"ಇರ್ಲಿ ಇಡವಾ" ಅಂದ. "ನಿಮ್ಮವ್ವ ಬರ್ಲಿ."

ಅವ್ವ ಬರುವತನಕ ನಾನು ಲೋಟ ಹಿಡಿದುಕೊಂಡೇ ನಿಂತಿದ್ದೆ.